ಬಾಣಾ ತುಂಬಿದವಳು

ಗಡಹಿಂಗ್ಲಜ
೧೪ ಜುಲೈ ೨೦೨೪

ವೈನಿಗೆ ಪ್ರಣಾಲಿಯ ನಮಸ್ಕಾರ.

‘ಇತ್ತ ಎಲ್ಲರೂ ಕ್ಷೇಮ’ ಎಂಬ ಸಾಲಿನಿಂದ ಪತ್ರ ಶುರುವಾಗಬೇಕು ಎಂದು ನಿಮ್ಮ ತವರು ರಬಕವಿಯ ಕನ್ನಡ ಶಾಲೆಯಲ್ಲಿ ನಮಗಿಬ್ಬರಿಗೂ ಕಲಿಸಿದ್ದರು. ಆ ಸಾಲಿಗೆ ಜಾಗ ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ನಿಮ್ಮ ಹತ್ತಿರ ಫೋನಿಲ್ಲ. ಅಮರಣ್ಣನ ಫೋನನ್ನು ಅವ್ವ ದಿನಾ ಚಾರ್ಜ್ ಮಾಡಿ ಮತ್ತೆ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಾಳೆ. ಅದು ನಿಮ್ಮ ಕೈಯಲ್ಲಿದ್ದರೂ ನಾನು ಮಾತಾಡುತ್ತಿದ್ದೆನೇ? ಎದುರಿಗೆ ಕೂತವರ ಜೊತೆಗೇ ನನಗೆ ಮಾತು ಬರುವುದಿಲ್ಲ. ಅಣ್ಣನ ಜೊತೆ ನಿಮ್ಮ ಮದುವೆಯಾದ ದಿನ ಇಡೀ ಮಧ್ಯಾಹ್ನ ನಿಮ್ಮ ಪಕ್ಕ ಕೂತು ನಾನು ಆಡಿದ ಒಂದೇ ಮಾತು “ನೀರ ಬೇಕೇನ್ರಿ” ಎಂದು ನೀವೇ ಎಲ್ಲರಿಗೂ ಹೇಳಿ ನಗಿಸಿದ್ದಿರಿ.

ಇಲ್ಲಿನ ಕಾಲೇಜಿನಲ್ಲಿ ಹನ್ನೊಂದನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಮೊನ್ನೆ ಪಾಠದಲ್ಲಿ ಎರಡು ಊರುಗಳ ನಡುವೆ ಹೋಗಿ ಬರುವ ರೈಲಿನ ಸುದ್ದಿ ಇತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಶಟಲ್ ಎನ್ನುತ್ತಾರೆ. ಪ್ರಣಿತಾ ಎಂಬ ಹುಡುಗಿ ಎದ್ದು ನಿಂತಳು.

“ಮ್ಯಾಡಂ, ನಮ್ಮ ಮಾಮಾ ಇಚಲಕರಂಜಿಯಾಗ ಮಗ್ಗ ನಡಸ್ತಾನ್ರಿ. ಅಲ್ಲಿ ಧೋಟಾಕ್ಕ ಶಟಲ್ ಅಂತಾರ. ರೈಲಿಗೂ ಅದಕ್ಕೂ ಏನ್ರಿ ಸಂಬಂಧ?”

ಇಡೀ ತರಗತಿ ನಕ್ಕಿತು. ನಾನು ಸೀಮೆಸುಣ್ಣ ಹಿಡಿದು ಗಂಟೆ ಬಾರಿಸುವವರೆಗೆ ಬೋರ್ಡಿನ ಕಡೆ ಮುಖ ಮಾಡಿ ನಿಂತೆ. ನನಗೆ ರೈಲು ಕಾಣಲಿಲ್ಲ. ಎರಡೂ ತುದಿಗೆ ಲೋಹದ ಮೊನೆಯಿರುವ, ದೋಣಿಯಂಥ ಕಟ್ಟಿಗೆಯ ಧೋಟಾ, ನೂಲು ಒಯ್ಯುವ ಲಾಳಿ, ಕಂಡಿತು. ಫೆಬ್ರುವರಿಯಲ್ಲಿ ಅದು ಓಡುವ ಮಗ್ಗದಿಂದ ಹಾರಿ ಬಂದು ಅಮರಣ್ಣನ ಕಣ್ಣಿಗೂ ಕಿವಿಗೂ ನಡುವಿನ ಮೆತ್ತನೆಯ ಜಾಗಕ್ಕೆ ಹೊಡೆಯಿತು. ಅವನು ಕೆಳಗೆ ಬಿದ್ದು ಪ್ರಾಣ ಬಿಟ್ಟ ಮೇಲೂ ಉಳಿದ ಮಗ್ಗಗಳು ಓಡುತ್ತಲೇ ಇದ್ದವು ಎಂದು ನೀವು ಹೇಳಿದ್ದಿರಿ.

ಅದು ಎಲ್ಲಿಂದ ಬಂತು ಎಂದು ಅವ್ವ ಎಲ್ಲರನ್ನೂ ಕೇಳುತ್ತಾಳೆ. ಮಗ್ಗದಿಂದ ಬಂತು ಎಂದು ಪೊಲೀಸರು ಬರೆದುಕೊಂಡು ಹೋದರು. ಅದು ಅವ್ವನಿಗೆ ಉತ್ತರವಾಗಲಿಲ್ಲ, ನನಗೂ ಆಗಿಲ್ಲ. ವಸ್ತುವಿನ ಹಿಂದೆ ಹೋಗಲು ನನಗೆ ಬರುವುದಿಲ್ಲ, ಶಬ್ದದ ಹಿಂದೆ ಹೋಗಲು ಬರುತ್ತದೆ. ಈ ‘ಶಟಲ್’ ಯಾವ ಭಾಷೆಯಿಂದ ಯಾವ ಭಾಷೆಗೆ ಬಂತು, ಅದಕ್ಕೂ ಹಿಂದೆ ಏನಾಗಿತ್ತು ಎಂದು ಹುಡುಕುತ್ತೇನೆ. ಸಿಕ್ಕಿದ್ದನ್ನು ನಿಮಗೆ ಬರೆಯುತ್ತೇನೆ. ಅವ್ವನಿಗೆ ಓದಿ ಹೇಳಿ. ಅವಳಿಗೂ ಒಂದು ದಾರಿ ಕಾಣಲಿ.

ನಿಮ್ಮ ನಾದಿನಿ
ಪ್ರಣಾಲಿ


ಯಡ್ರಾವ
೨೯ ಜುಲೈ ೨೦೨೪

ಪ್ರೀತಿಯ ಪ್ರಣಾಲಿ,

ನಿನ್ನ ಕಾಗದ ತೇವವಾಗಿ ಬಂತು. ಪಂಚಗಂಗೆ ಏರಿದ್ದಾಳೆ, ಕುರುಂದವಾಡದ ಕಡೆ ರಸ್ತೆ ನೀರಿನಲ್ಲಿದೆ. ಪೋಸ್ಟಿನವನು ಕಾಗದವನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದಿದ್ದ. “ಯಾರದ್ರಿ ಇದು, ಈಗಿನ ಕಾಲದಾಗ ಕಾಗದಾ ಬರಿಯೋರು?” ಎಂದು ಕೇಳಿದ. ನಮ್ಮ ಮೂಕಿ ನಾದಿನಿ ಎಂದೆ.

ನಾನು ಮೊದಲಿನಂತೆ ಕಾಂಡಿ ತುಂಬುತ್ತಿದ್ದೇನೆ. ಇಡೀ ದಿನ ಅಡ್ಡದ ನೂಲನ್ನು ಚಿಕ್ಕ ಕೊಳವೆಗೆ ಸುತ್ತುವುದು, ಸುತ್ತಿದ ಕಾಂಡಿಗಳನ್ನು ಬುಟ್ಟಿಗೆ ಹಾಕುವುದು, ನೇಕಾರರು ಒಯ್ದು ಧೋಟಾದ ಹೊಟ್ಟೆಯಲ್ಲಿ ಕೂರಿಸುವುದು. ಕೈ ತನ್ನ ಪಾಡಿಗೆ ತಾನು ಮಾಡುತ್ತದೆ. ಅದು ಒಳ್ಳೆಯದೇ.

ನಿನ್ನ ಅಣ್ಣನ ಮಗ್ಗ ಹಾಗೇ ನಿಂತಿದೆ. ಅತ್ತೆ ಅದರ ಮೇಲೆ ಅವರ ಚಾದರ ಹೊದಿಸಿದ್ದಾರೆ. ಬೇರೆ ಯಾರೂ ಅದರ ಮುಂದೆ ನಿಲ್ಲಲು ಒಪ್ಪುವುದಿಲ್ಲ. ಶೆಡ್ಡಿನ ಮಾಲೀಕ ಮಹಾವೀರ ಶೇಠರು ಎರಡು ಸಲ ಹೇಳಿ ಸುಮ್ಮನಾದರು. ಮಗ್ಗ ರಿಪೇರಿ ಮಾಡುವ ಜಾಬರ ಸಂಭಾಜಿ ಮಾತ್ರ ಬೈಯುತ್ತಾನೆ. ಧೋಟಾವನ್ನು ಹೊಡೆದು ಓಡಿಸುವ ಪಿಕ್ಕರ್ ಸವೆದು ಹೋಗಿದೆ, ಅದಕ್ಕೇ ಹಾರಿತು, ಬದಲಿಸಲು ಬಿಡಿ ಎನ್ನುತ್ತಾನೆ. ಅತ್ತೆ ಮುಟ್ಟಗೊಡುವುದಿಲ್ಲ. ಮೊನ್ನೆ ನೇಕಾರರೆಲ್ಲ ಆ ಧೋಟಾಕ್ಕೆ ರಕ್ತದ ರುಚಿ ಹತ್ತಿದೆ, ಅದು ನೋಡುತ್ತದೆ ಎಂದು ಮಾತಾಡುತ್ತಿದ್ದಾಗ ಅವನು ನಟ್ಟು ಬಿಗಿಯುವ ಪಾನಾ ಕೆಳಗೆ ಒಗೆದು, “ಲೇ, ಧೋಟಾಕ್ಕ ಕಣ್ಣ ಐತಿ, ಖರೆ. ಆದ್ರ ಅದು ದಾರಾ ಪೋಣಸಾಕ ಐತಿ, ನಿಮ್ಮ ಮಾರಿ ನೋಡಾಕಲ್ಲ. ನಿಮ್ಮ ಮಾರಿ ನೋಡಿದ್ರ ಅದೂ ಕಣ್ಣ ಮುಚ್ಕೋತೈತಿ” ಎಂದ. ನನಗೆ ನಗು ಬಂತು. ನಕ್ಕದ್ದನ್ನು ಅತ್ತೆ ನೋಡಿದರು.

ಅತ್ತೆಗೆ ಕಾಗದ ಓದಿ ಹೇಳಿದೆ. ಗೋಡೆಗೆ ಒರಗಿ ಕೇಳಿದರು. ಮುಗಿದ ಮೇಲೆ, “ಇಷ್ಟ? ಎಲ್ಲಿಂದ ಬಂತಂತ ಬರದಿಲ್ಲ?” ಎಂದರು.

“ಹುಡಕಾಕತ್ತಾಳಂತ್ರಿ ಅತ್ತಿ. ಸಿಕ್ಕ ಮ್ಯಾಲ ಬರೀತಾಳಂತ.”

“ಓದಿದಾಕಿ ಅದಾಳ. ಹುಡುಕ್ತಾಳ ಬಿಡು,” ಎಂದರು. ಆ ದಿನ ಒಂದು ರೊಟ್ಟಿ ಹೆಚ್ಚು ಉಂಡರು. ಆದ್ದರಿಂದ ಬೇಗ ಬರೆ.

ಇನ್ನೊಂದು ವಿಷಯ. ಮಧ್ಯಾಹ್ನ ಕರೆಂಟು ಹೋದಾಗ ಶೆಡ್ಡಿನ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ಒಂದು ಮಾತ್ರ ನಿಲ್ಲುವುದಿಲ್ಲ, ಸ್ವಲ್ಪ ಹೊತ್ತು ಹಾಗೇ ಓಡುತ್ತದೆ ಎಂದು ಅತ್ತೆ ಹೇಳುತ್ತಾರೆ. ಹಾಗೆಲ್ಲ ಇಲ್ಲ, ಕಿವಿಯಲ್ಲಿ ಉಳಿದ ಸದ್ದು ಎಂದು ಅವರಿಗೆ ಹೇಳಿದ್ದೇನೆ.

ನನಗೂ ಕೇಳಿಸುತ್ತದೆ, ಪ್ರಣಾಲಿ.

ನಿನ್ನ
ದೀಪಾಲಿ


ಕೊಲ್ಹಾಪುರ
೧೮ ಆಗಸ್ಟ್ ೨೦೨೪

ಪ್ರೀತಿಯ ವೈನಿ,

ಎರಡು ದಿನ ರಜೆ ಹಾಕಿ ಇಲ್ಲಿಗೆ ಬಂದಿದ್ದೇನೆ. ಎಂ.ಎ. ಓದುವಾಗ ಕೂರುತ್ತಿದ್ದ ಗ್ರಂಥಾಲಯದ ಅದೇ ಮೂಲೆ, ಕಿಟಕಿಯಾಚೆ ಅದೇ ನವಿಲುಗಳು. ದಪ್ಪ ನಿಘಂಟುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಕೂತಿದ್ದೆ.

ಸಿಕ್ಕಿತು.

ಇಂಗ್ಲಿಷ್ ನೇಕಾರರು ಧೋಟಾಕ್ಕೆ ಶಟಲ್ ಎನ್ನಲು ತೊಡಗಿ ಆರೇಳು ನೂರು ವರ್ಷಗಳಾಗಿವೆ. ಅದಕ್ಕೂ ಮೊದಲು, ಹಳೆಯ ಇಂಗ್ಲಿಷಿನಲ್ಲಿ, ಈ ಶಬ್ದ ಇತ್ತು. ‘ಶ್ಯುಟೆಲ್’ ಎನ್ನುತ್ತಿದ್ದರು. ಆದರೆ ಆಗ ಅದಕ್ಕೂ ಮಗ್ಗಕ್ಕೂ ಸಂಬಂಧವಿರಲಿಲ್ಲ. ಅದರ ಅರ್ಥ ಬಾಣ. ಎಸೆಯುವ ಬಾಣ, ಬಿಡುವ ಬಾಣ. ಸಮುದ್ರದಾಚೆ ಉತ್ತರದವರ ಭಾಷೆಯಲ್ಲಿ ಇದರ ಅಣ್ಣನೊಬ್ಬನಿದ್ದಾನೆ, ‘ಸ್ಕುಟಿಲ್’. ಅವನು ಮೀನಿಗೆ ಎಸೆಯುವ ಈಟಿ. ಗುಂಡು ಹಾರಿಸುವುದಕ್ಕೆ ಇಂಗ್ಲಿಷಿನಲ್ಲಿ ಇರುವ ‘ಶೂಟ್’ ಕೂಡ ಇದೇ ಮನೆಯದು. ಯಾರೋ ನೇಕಾರ ನೂಲಿನ ನಡುವೆ ಅತ್ತಿಂದಿತ್ತ ಹಾರುವ ಕಟ್ಟಿಗೆಯನ್ನು ನೋಡಿ ಬಾಣದ ಹೆಸರನ್ನು ಅದಕ್ಕೆ ಇಟ್ಟ.

ವೈನಿ, ಅದು ಬಾಣವಾಗಿತ್ತು. ನಮಗೆ ಯಾರಿಗೂ ಗೊತ್ತಿರಲಿಲ್ಲ, ಶಬ್ದಕ್ಕೆ ಗೊತ್ತಿತ್ತು. ಇಷ್ಟು ಕಾಲ ಆ ಬಾಣ ತನ್ನ ಹೆಸರು ಮರೆತು ಮಗ್ಗದೊಳಗೆ ಕೂಲಿ ಮಾಡುತ್ತಿತ್ತು. ಫೆಬ್ರುವರಿಯ ಆ ದಿನ ಅದಕ್ಕೆ ತಾನು ಯಾರೆಂದು ನೆನಪಾಯಿತು.

ಈ ಸಾಲನ್ನು ಬರೆದು ಮೂರು ಸಲ ಓದಿಕೊಂಡೆ. ಇಷ್ಟು ದಿನ ಅಳು ಬಂದಿರಲಿಲ್ಲ. ಓದುವ ಕೋಣೆಯಲ್ಲಿ ತಲೆ ಬಗ್ಗಿಸಿ ಅತ್ತುಬಿಟ್ಟೆ. ಎದುರಿಗೆ ಕೂತ ಹುಡುಗ ತನ್ನ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿ ಎದ್ದು ಹೋದ.

ಅವ್ವನಿಗೆ ಇದನ್ನು ನಿಧಾನವಾಗಿ ಓದಿ ಹೇಳಿ.

ಪ್ರಣಾಲಿ


ಯಡ್ರಾವ
೩೧ ಆಗಸ್ಟ್ ೨೦೨೪

ಪ್ರಣಾಲಿ,

ನೀನು ಹೇಳಿದಂತೆ ನಿಧಾನವಾಗಿ ಓದಿದೆ. ಮುಗಿದ ಮೇಲೆ ಅತ್ತೆ ಬಾಣದ ಮಾತು ಇರುವ ಸಾಲನ್ನು ಇನ್ನೊಮ್ಮೆ ಓದು ಎಂದರು. ಓದಿದೆ.

“ಬಾಣಾ?” ಎಂದರು.

“ಹೌದ್ರಿ ಅತ್ತಿ. ಮೊದಲ ಅದು ಬಾಣ ಇತ್ತಂತ.”

ತಮ್ಮ ಅಂಗೈ ನೋಡಿಕೊಂಡರು. ಆಮೇಲೆ, “ಅವತ್ತ ಬಾಣಾ ತುಂಬಿದಾಕಿ ಯಾರ?” ಎಂದರು.

ನನಗೆ ಹೊಳೆಯಲಿಲ್ಲ. ನಾವು ಹುಟ್ಟಿದಾಗಿನಿಂದ ಆಡುವ ಮಾತಲ್ಲವೇ? ಮಗ್ಗದ ಉದ್ದದ ನೂಲು ತಾಣಾ, ಅಡ್ಡದ ನೂಲು ಬಾಣಾ. ಕಾಂಡಿಗೆ ಸುತ್ತುವುದು ಬಾಣಾ. ದಿನಾ ಯಾರಾದರೂ ಕೇಳುತ್ತಾರೆ, ಬಾಣಾ ತುಂಬಿ ಆಯಿತೇ ಎಂದು. ಅದಕ್ಕೇ ಹಿಂದೆ ಮುಂದೆ ನೋಡದೆ ಉತ್ತರ ಕೊಟ್ಟೆ.

“ನಾನ ತುಂಬಿದ್ನಿರಿ, ಅತ್ತಿ.”

“ಹಂ,” ಎಂದರು. ಅಷ್ಟೇ.

ಆ ಸಂಜೆ ನಾನು ಮಾಡಿದ ರೊಟ್ಟಿ ಮುಟ್ಟಲಿಲ್ಲ. ಮರುದಿನ ತಾವೇ ಬೇರೆ ಒಲೆ ಹಚ್ಚಿದರು. ರಸ್ತೆಯ ನೀರು ಇಳಿದ ಮೇಲೆ ಕುರುಂದವಾಡಕ್ಕೆ ಹೋಗಿ ಬಂದರು. ಅಲ್ಲಿ ಧೊಂಡುಬಾಯಿ ಎಂಬ ಹೆಂಗಸಿದ್ದಾಳೆ, ಅವಳ ಮೈಮೇಲೆ ದೇವಿ ಬರುತ್ತಾಳಂತೆ, ಅಕ್ಕಿಕಾಳು ನೋಡಿ ಯಾರು ಕರಣಿ, ಮಾಟ ಮಾಡಿಸಿದ್ದಾರೆಂದು ಹೇಳುತ್ತಾಳಂತೆ. ಬಂದವರು ನನ್ನ ಕಡೆ ನೋಡದೆ ಗೋಡೆಗೆ ಹೇಳಿದರು: “ಓದಿದ ಮಗಳೂ ಅದನ್ನ ಹೇಳ್ಯಾಳ, ದೇವರೂ ಅದನ್ನ ಹೇಳ್ಯಾಳ. ಬಿಟ್ಟದ್ದು ಬಾಣ. ಬಿಟ್ಟಾಕಿ ಮನಿಯಾಗ ಅದಾಳ.”

ಆಗ ಹೊಳೆಯಿತು. ನನ್ನ ಮೇಲಿನ ಆರೋಪವನ್ನು ನಾನೇ ನನ್ನ ಬಾಯಿಂದ ಓದಿದ್ದೆ, ಅದೂ ನಿಧಾನವಾಗಿ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಶಬ್ದ ಬಾಣಕ್ಕೂ ಹಿಂದೆ ಏನಾಗಿತ್ತು? ಅದನ್ನು ಬರೆ. ಅತ್ತೆ ಪೋಸ್ಟಿನವನ ದಾರಿ ನೋಡುತ್ತಾರೆ. ನಾನೂ ನೋಡುತ್ತೇನೆ.

ದೀಪಾಲಿ


ಗಡಹಿಂಗ್ಲಜ
೫ ಸೆಪ್ಟೆಂಬರ್ ೨೦೨೪

ವೈನಿ,

ಇಲ್ಲಿಂದ ಮುಂದಿನದು ಅವ್ವನಿಗೆ. ಅವಳ ಮುಂದೆ ಕೂತು ಓದಿ. ಪಕ್ಕದ ಮನೆಯವರೂ ಇರಲಿ.

ಅವ್ವಾ, ಎರಡು ಶಬ್ದಗಳು ಒಂದೇ ಥರ ಕೇಳಿಸಿದರೆ ಅವು ಒಂದೇ ಅಲ್ಲ. ಬಿಲ್ಲಿನ ಬಾಣ ಬೇರೆ. ಅದು ಎಲ್ಲಿಂದ ಬಂತೆಂದು ಪಂಡಿತರಿಗೂ ಖಚಿತವಿಲ್ಲ. ನಮ್ಮ ತಾಣಾ-ಬಾಣಾದ ಬಾಣಾ ಬೇರೆ. ಅದು ಸಂಸ್ಕೃತದ ‘ವಾನ’ದಿಂದ ಬಂದದ್ದು. ವಾನ ಎಂದರೆ ನೇಯುವುದು, ಅಷ್ಟೇ. ವಕಾರ ಬಕಾರವಾಯಿತು. ನಮ್ಮ ಓಣಿಯಲ್ಲಿ ಇಬ್ಬರು ಕಾಜಲ ಇದ್ದಾರೆ. ಒಬ್ಬಳು ಹಾಲು ಚೆಲ್ಲಿದರೆ ಇನ್ನೊಬ್ಬಳಿಗೆ ಹೊಡೆಯುತ್ತೀಯೇನು?

ಶಟಲ್ ಕೂಡ ಬಾಣಕ್ಕೆ ನಿಲ್ಲುವುದಿಲ್ಲ. ಅದಕ್ಕೂ ಹಿಂದೆ, ಇಂಗ್ಲಿಷೂ ಸಂಸ್ಕೃತವೂ ಹುಟ್ಟುವ ಮೊದಲು, ‘ಸ್ಕೆಉದ್’ ಎಂಬ ಬೇರು ಇತ್ತಂತೆ. ಸಂಸ್ಕೃತದಲ್ಲಿ ಉಳಿದ ಅದರ ಚೂರು ‘ಸ್ಕುಂದತೇ’, ಅಂದರೆ ಅವಸರಪಡುವುದು. ಬಿಲ್ಲಿಲ್ಲ, ಬಿಲ್ಲುಗಾರ ಇಲ್ಲ. ಬರೀ ಅವಸರ. ಪಿಕ್ಕರ್ ಸವೆದಿತ್ತು, ಧೋಟಾ ಅವಸರದಲ್ಲಿ ದಾರಿ ತಪ್ಪಿತು. ಯಾರೂ ಬಿಟ್ಟದ್ದಲ್ಲ, ಅವ್ವಾ.

ಇಷ್ಟು ಅವಳಿಗೆ. ವೈನಿ, ನಿಮಗೆ ಒಂದು ಮಾತು. ಆ ಬೇರಿನ ಪಕ್ಕದಲ್ಲಿ ನಿಘಂಟಿನವರು ಒಂದು ಚಿಕ್ಕ ನಕ್ಷತ್ರ ಹಾಕಿದ್ದಾರೆ. ಈ ಶಬ್ದವನ್ನು ಯಾರೂ ಎಲ್ಲೂ ಬರೆದದ್ದಿಲ್ಲ, ಕೇಳಿದವರಿಲ್ಲ, ಮಕ್ಕಳ ಮುಖ ನೋಡಿ ಇಂಥ ತಾಯಿ ಇದ್ದಿರಬೇಕು ಎಂದು ಊಹಿಸಿದ್ದೇವೆ ಎಂಬುದಕ್ಕೆ ಗುರುತು ಅದು. ಅದನ್ನು ನೋಡುವಾಗ ಧೊಂಡುಬಾಯಿಯ ಅಕ್ಕಿಕಾಳು ನೆನಪಾಯಿತು. ಅವ್ವ ಕುರುಂದವಾಡಕ್ಕೆ ಹೋದಳು, ನಾನು ಕೊಲ್ಹಾಪುರಕ್ಕೆ ಹೋದೆ.

ಕೂಡಲೇ ಉತ್ತರ ಬರೆಯಿರಿ.

ಪ್ರಣಾಲಿ


ಗಡಹಿಂಗ್ಲಜ
೨೨ ಸೆಪ್ಟೆಂಬರ್ ೨೦೨೪

ವೈನಿ,

ನಿಮ್ಮ ಉತ್ತರವಿಲ್ಲ. ಪೋಸ್ಟ್ ಆಫೀಸಿನಲ್ಲಿ ವಿಚಾರಿಸಿದೆ, ನನ್ನ ಕಾಗದ ಮುಟ್ಟಿರಲೇಬೇಕು ಎಂದರು.

ನಿನ್ನೆ ಧೈರ್ಯ ಮಾಡಿ ಅಣ್ಣನ ಫೋನಿಗೆ ಫೋನು ಮಾಡಿದೆ. ಅಲ್ಲಿ ಅವನ ಹೆಸರು, ಅವನ ಫೋಟೋ. ರಿಂಗಾಗುತ್ತಿದ್ದಾಗ ನಾನು ಯಾರಿಗೆ ಕಾಯುತ್ತಿದ್ದೇನೆ ಎಂಬುದೇ ಮರೆಯಿತು. ಯಾರೋ ಎತ್ತಿದರು. ಹಿಂದೆ ಒಂದು ಮಗ್ಗ ಓಡುವ ಸದ್ದು. ಒಂದೇ ಮಗ್ಗ. ಶೆಡ್ಡಿನಲ್ಲಿ ಒಂದೇ ಮಗ್ಗ ಯಾವಾಗ ಓಡುತ್ತದೆ, ವೈನಿ?

“ಅವ್ವಾ,” ಎಂದೆ.

“ಆ ಕಾಗದ ನಾ ಓದಸ್ಲಿಲ್ಲ. ಒಲಿಗೆ ಹಾಕ್ನಿ. ಇಕಿನ್ನ ಉಳಸಾಕ ಬರದಿರತಿ ನೀ. ನಿನ್ನ ದನಿ ನನಗ ಗೊತ್ತಿಲ್ಲೇನ?”

“ವೈನಿ ಎಲ್ಲದಾರ?”

“ಅದಾಳ. ಎಲ್ಲಿ ಹೊಕ್ಕಾಳ?”

ಅವಳು ಫೋನಿಟ್ಟಳು. ಆ ಸದ್ದು ನನ್ನ ಕೋಣೆಯಲ್ಲಿ ಉಳಿಯಿತು. ಪಾಠ ಮಾಡುವಾಗ ಇದೆ, ಅಕ್ಕಿ ತೊಳೆಯುವಾಗ ಇದೆ.

ಬಾಗಿಲು ಮುಚ್ಚುವುದಕ್ಕೆ ಇಂಗ್ಲಿಷಿನವರು ‘ಶಟ್’ ಎನ್ನುತ್ತಾರಲ್ಲ, ಅದೂ ಇದೇ ಮನೆಯ ಶಬ್ದವಂತೆ. ಅಗುಳಿಯನ್ನು ಬಾಣದಂತೆ ಅಡ್ಡ ನೂಕುವುದು. ಇದನ್ನು ನಾನು ಹುಡುಕಲು ಹೋಗಿರಲಿಲ್ಲ, ಪುಟ ತಿರುವಿದಾಗ ತಾನೇ ಎದುರು ಬಂತು. ಈಗ ಯಾವ ಪುಟ ತೆರೆಯಲೂ ಭಯವಾಗುತ್ತದೆ.

ನಿಮ್ಮ ಮೇಲೆ ಬಾಗಿಲು ಹಾಕಿದ್ದಾರೆಯೇ? ಒಂದು ಸಾಲು ಬರೆಯಿರಿ. ಈ ಕಾಗದವನ್ನು ಜಾಬರ ಸಂಭಾಜಿಯ ವಿಳಾಸಕ್ಕೆ ಹಾಕುತ್ತಿದ್ದೇನೆ, ಅವನು ನಿಮ್ಮ ಕೈಗೇ ಕೊಡಲಿ.

ಪ್ರಣಾಲಿ


ಯಡ್ರಾವ
೨೭ ಸೆಪ್ಟೆಂಬರ್ ೨೦೨೪

ಪ್ರಣಾಲಿ,

ಬಾಗಿಲು ಹಾಕಿಲ್ಲ. ಎಲ್ಲ ಬಾಗಿಲುಗಳೂ ತೆರೆದೇ ಇವೆ. ಓಣಿಯವರು ಮಾತ್ರ ನಾನು ಬಂದರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ನಾನು ತುಂಬಿದ ಕಾಂಡಿಗಳನ್ನು ನೇಕಾರರು ಮುಟ್ಟುವುದಿಲ್ಲ, ಬುಟ್ಟಿ ತುಂಬಿ ಹಾಗೇ ಕೂತಿದೆ. ಶೇಠರು ಸದ್ಯ ಮನೆಯಲ್ಲಿರಿ ತಾಯಿ ಎಂದರು.

ಧೊಂಡುಬಾಯಿ ಒಂದು ದಾರಿ ಹೇಳಿದ್ದಾಳೆ. ಮಹಾಲಯ ಅಮಾವಾಸ್ಯೆಯ ದಿನ, ಸತ್ತವರಿಗೆ ಎಡೆ ಇಡುವ ಹೊತ್ತಿನಲ್ಲಿ, ಬಾಣಾ ತುಂಬಿದವಳು ಅದೇ ಮಗ್ಗದ ಮುಂದೆ, ನಿನ್ನ ಅಣ್ಣ ನಿಂತ ಜಾಗದಲ್ಲೇ ನಿಂತು, ತಾನೇ ತುಂಬಿದ ಕಾಂಡಿ ಹಾಕಿ ಮಗ್ಗ ಓಡಿಸಬೇಕು. ಕಾಂಡಿಯ ನೂಲು ತೀರುವವರೆಗೆ ಓಡಿಸಬೇಕು. ನಾನು ನಿರ್ದೋಷಿಯಾದರೆ ಧೋಟಾ ಹಾರಿ ಬರುವುದಿಲ್ಲ.

ಸಂಭಾಜಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ. “ವೈನಿ, ಪಿಕ್ಕರ್ ಹಂಗ ಐತಿ. ನಾ ಬದಲಿ ಮಾಡಿಲ್ಲ. ನೀವು ದೇವರಂಥಾಕಿ ಇದ್ರೂ ಅದು ಹಾರತೈತಿ,” ಎಂದ. ಅತ್ತೆಗೂ ಹೇಳಿದ. ಅತ್ತೆ ಅವನನ್ನು ಶೆಡ್ಡಿನಿಂದ ಹೊರಗೆ ಹಾಕಿದರು.

ತವರಿಗೆ ಹೋಗಿಬಿಡಿ ಎಂದು ನೀನು ಹೇಳುತ್ತೀಯ. ಹೋದರೆ ನಾನೇ ಮಾಡಿದ್ದು ಎಂದಾಗುತ್ತದೆ. ರಬಕವಿಗೆ ಈ ಸುದ್ದಿ ನನಗಿಂತ ಮೊದಲು ಮುಟ್ಟುತ್ತದೆ.

ಆದರೆ ನಿಜವಾದ ಕಾರಣ ಅದಲ್ಲ. ಆ ದಿನ ಬೆಳಿಗ್ಗೆ ನನಗೂ ನಿನ್ನ ಅಣ್ಣನಿಗೂ ಜಗಳವಾಗಿತ್ತು. ರಾತ್ರಿ ಪಾಳಿ ಮುಗಿಸಿ ಬಂದವರು ಚಹಾ ಕುಡಿದು ಹಗಲು ಪಾಳಿಗೂ ಹೊರಟರು. ನಿದ್ದೆ ಮಾಡ್ರಿ ಎಂದೆ. ಕೇಳಲಿಲ್ಲ. ಹೋಗ್ರಿ ಹಂಗಾರ, ಮಗ್ಗದಾಗ ಸಾಯ್ರಿ ಎಂದೆ. ಹೀಗೆ ಎಷ್ಟು ಹೆಂಗಸರು ಎಷ್ಟು ಸಲ ಅನ್ನುತ್ತಾರೆ, ಪ್ರಣಾಲಿ. ಅಂದು ಸಿಟ್ಟಿನಲ್ಲೇ ಕೂತು ಬುಟ್ಟಿ ತುಂಬ ಬಾಣಾ ಸುತ್ತಿದೆ. ಆ ಸಿಟ್ಟು ನೂಲಿನ ಜೊತೆ ಒಳಗೆ ಹೋಯಿತೇ? ಸಾವಿರ ವರ್ಷದ ಶಬ್ದಕ್ಕೆ ಗೊತ್ತಿದ್ದದ್ದು ನನ್ನ ಕೈಗೆ ಗೊತ್ತಿರಲಿಲ್ಲವೇ? ನಿಂತು ನೋಡಿದರೆ ನನಗಾದರೂ ತಿಳಿಯುತ್ತದೆ.

ನೀನು ಬರಬೇ‌ಡ. ಬಂದರೂ ನಿನಗೆ ಮಾತು ಬರುವುದಿಲ್ಲ.

ದೀಪಾಲಿ


ಯಡ್ರಾವ
೬ ಅಕ್ಟೋಬರ್ ೨೦೨೪

ಪ್ರೀತಿಯ ವೈನಿ,

ನೀವು ಗಡಹಿಂಗ್ಲಜದ ನನ್ನ ಕೋಣೆಗೆ ಸುಖವಾಗಿ ಮುಟ್ಟಿದ ಸುದ್ದಿ ನನ್ನ ವಿದ್ಯಾರ್ಥಿನಿ ಪ್ರಣಿತಾಳ ತಾಯಿಯ ಫೋನಿನಿಂದ ತಿಳಿಯಿತು. ಆಕೆಯ ಹೊಲಿಗೆ ಅಂಗಡಿಯಲ್ಲಿ ಕೂತಿದ್ದೀರಂತೆ. ಕಿಟಕಿಯ ಚಿಲಕ ಸಡಿಲಾಗಿದೆ, ಮೇಲಕ್ಕೆ ಎತ್ತಿ ಹಾಕಬೇಕು.

ಅಮಾವಾಸ್ಯೆಯ ದಿನ ನೀವು ಕಣ್ಣು ಮುಚ್ಚಿ ನಿಂತಿದ್ದಿರಿ. ಆಮೇಲೆ ನಾನು ಬಸ್ಸು ಹತ್ತಿಸುವವರೆಗೂ ನನ್ನನ್ನು ಒಂದೂ ಪ್ರಶ್ನೆ ಕೇಳಲಿಲ್ಲ. ಏನಾಯಿತೆಂದು ತಿಳಿಯುವ ಹಕ್ಕು ನಿಮಗಿದೆ.

ನಿಮ್ಮ ಕಾಗದ ಹಿಂದಿನ ದಿನ ಮುಟ್ಟಿತು. ಬೆಳಗಿನ ಬಸ್ಸು ಹಿಡಿದು ಇಚಲಕರಂಜಿಗೆ ಬಂದೆ, ಅಲ್ಲಿಂದ ಸೀಟು ತುಂಬಿಸಿ ಓಡುವ ವಡಾಪ್ ಜೀಪಿನಲ್ಲಿ ಯಡ್ರಾವಕ್ಕೆ. ದಾರಿಯುದ್ದಕ್ಕೂ ಅವ್ವನಿಗೆ ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದೆ. ವಾನ, ಬಾಣಾ, ಸ್ಕುಂದತೇ. ಶೆಡ್ಡಿನ ಬಾಗಿಲಲ್ಲಿ ನಿಂತಾಗ ಎಲ್ಲ ಹಾರಿಹೋಯಿತು. ಮಗ್ಗಗಳೆಲ್ಲ ನಿಂತಿದ್ದವು. ಅಣ್ಣನ ಚಾದರ ಮಡಿಚಿ ಬದಿಗಿಟ್ಟಿತ್ತು. ಧೊಂಡುಬಾಯಿ ನೂಲು ಸುತ್ತಿದ ದಪ್ಪ ಭೀಮದ ಉರುಳೆಯ ಮೇಲೆ ಕೂತು ತಂಬಾಕು ತಿಕ್ಕುತ್ತ, “ಚಲಾ, ಚಲಾ, ಉಶೀರ ಹೋತೋಯ್. ಕುರುಂದವಾಡದ ಬಸ್ಸ ತಪ್ಪತೈತಿ ನನಗ,” ಎನ್ನುತ್ತಿದ್ದಳು. ನಿಮ್ಮ ಕೈ ಮಗ್ಗದ ಹಿಡಿಕೆಯ ಮೇಲಿತ್ತು. ಅವ್ವ ಮೇನ್ ಸ್ವಿಚ್ಚಿನ ಹತ್ತಿರ ನಿಂತಿದ್ದಳು.

ಅವಳ ಮುಖ ನೋಡಿದೆ, ವೈನಿ. ಅದರಲ್ಲಿ ನಿಮ್ಮ ಮೇಲೆ ದ್ವೇಷವಿರಲಿಲ್ಲ. ಗ್ರಂಥಾಲಯದ ಓದುವ ಕೋಣೆಯಲ್ಲಿ ನನ್ನ ಮುಖ ಹೇಗಿದ್ದಿರಬೇಕೋ ಹಾಗಿತ್ತು. ಯಾರೂ ಅಲ್ಲ ಎಂಬ ಉತ್ತರವನ್ನು ಈ ಮುಖ ಒಪ್ಪುವುದಿಲ್ಲ ಎಂದು ಆಗ ತಿಳಿಯಿತು. ನಾನೂ ಒಪ್ಪಿರಲಿಲ್ಲವಲ್ಲ.

“ಅವ್ವಾ,” ಎಂದೆ. “ಬಾಣಾ ಇಕಿ ತುಂಬಿದಳು, ಖರೆ. ಯಾಕ ತುಂಬಿದಳು?”

“ಯಾಕಂದ್ರ? ಅವ ನಿಂತಿದ್ದಾ, ಅದಕ್ಕ.”

“ಅವ ಯಾಕ ನಿಂತಿದ್ದಾ? ಅದು ಅವನ ಪಾಳಿ ಅಲ್ಲ. ರಾತ್ರಿ ನಿಂತಾಂವ ಹಗಲ ಯಾಕ ನಿಂತಾ?”

ನಾನು ಅಷ್ಟು ಜೋರಾಗಿ ಮಾತಾಡಿದ್ದನ್ನು ಅವ್ವ ಎಂದೂ ಕೇಳಿರಲಿಲ್ಲ.

“ಹಿಂದಕ ಹೋಗವ್ವಾ. ಇನ್ನೂ ಹಿಂದಕ. ಯಾವಾಗಿಂದ ಎರಡೆರಡು ಪಾಳಿ ನಿಲ್ಲಾಕ ಹತ್ತಿದ?”

“ನೀ ಕೊಲ್ಲಾಪುರಕ್ಕ ಓದಾಕ ಹ್ವಾದಾಗಿಂದ. ಫೀ ಕಟ್ಟಾಕ,” ಎಂದಳು. ಮಾತು ಬಾಯಿಂದ ಬಂದ ಮೇಲೆ ಅದನ್ನು ಕೇಳಿಸಿಕೊಂಡಳು.

“ಯಾರ ಸಲುವಾಗಿ?”

ನಾನು ನಡೆದು ಬಂದು ನಿಮ್ಮ ಬೆರಳುಗಳನ್ನು ಒಂದೊಂದಾಗಿ ಹಿಡಿಕೆಯಿಂದ ಬಿಡಿಸಿದೆ. ನಿಮ್ಮನ್ನು ಬದಿಗೆ ಸರಿಸಿ ಅಣ್ಣನ ಜಾಗದಲ್ಲಿ ನಿಂತೆ.

“ಹಂಗಾರ ನಿಲ್ಲಾಕಿ ನಾನು. ಹಚ್ಚು, ಅವ್ವಾ.”

ಅವಳ ಕೈ ಸ್ವಿಚ್ಚಿನ ಮೇಲೆ ಇತ್ತು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಅವಳು ನನ್ನನ್ನು ನೋಡುತ್ತಿದ್ದಳು, ನಾನು ಧೋಟಾವನ್ನು ನೋಡುತ್ತಿದ್ದೆ. ಅದು ಸಣ್ಣದಾಗಿತ್ತು, ಸವೆದು ನುಣುಪಾಗಿತ್ತು, ಅಣ್ಣನ ಹೆಬ್ಬೆರಳು ಊರುತ್ತಿದ್ದ ಕಡೆ ಕಪ್ಪಾಗಿತ್ತು. ಭಯವಾಯಿತು. ಆದರೂ ನನ್ನೊಳಗೆ ಯಾರೋ ಅದು ಬರಲಿ ಎಂದು ಕಾಯುತ್ತಿದ್ದರು.

ಅವ್ವ ಕೈ ಕೆಳಗಿಳಿಸಿದಳು.

“ಸಾಪಡಲಂ ಕಾ, ಸಿಕ್ತೇನ?” ಎಂದು ಧೊಂಡುಬಾಯಿ ಎದ್ದು ಸೀರೆ ಕೊಡವಿದಳು.

“ಸಿಕ್ತು,” ಎಂದಳು ಅವ್ವ.

ಅಷ್ಟೇ, ವೈನಿ. ನೀವು ನಿರ್ದೋಷಿ ಎಂದು ಅವ್ವ ಓಣಿಯಲ್ಲಿ ತಾನೇ ಹೇಳಿಕೊಂಡು ಬಂದಿದ್ದಾಳೆ. “ನನ್ನ ಸೊಸಿದು ಏನೂ ಇಲ್ಲ, ಬಾಣಾ ಕೊಲ್ಲಾಪುರದಿಂದ ಬಂದಿತ್ತು,” ಎನ್ನುತ್ತಾಳಂತೆ. ಈಗ ಓಣಿಯ ಹೆಂಗಸರು ನನ್ನನ್ನು ಕಂಡರೆ ಮಕ್ಕಳನ್ನು ಒಳಗೆ ಕರೆಯುತ್ತಾರೆ. ನಾನು ಅವ್ವನಿಗೆ ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಪ್ರತಿಯೊಂದು ಹೆಜ್ಜೆಯೂ ನಿಜ. ಹಾಗೆ ನಡೆದು ಕೊನೆಗೆ ಮುಟ್ಟಿದ ಜಾಗ ನಿಜವೋ ಅಲ್ಲವೋ, ಅದನ್ನು ಹೇಳುವ ನಿಘಂಟು ನನಗೆ ಗೊತ್ತಿಲ್ಲ.

ಸಂಭಾಜಿ ನಿನ್ನೆ ಬಂದು ಪಿಕ್ಕರ್ ಬದಲಿಸಿದ. ಅವ್ವ ಬೇಡ ಎನ್ನಲಿಲ್ಲ. ಎರಡು ಒಲೆ ಹೋಗಿ ಮತ್ತೆ ಒಂದೇ ಒಲೆಯಾಗಿದೆ. ಫೆಬ್ರುವರಿಯ ನಂತರ ಮೊದಲ ಸಲ ಅವಳು ಬೆಳಗಿನವರೆಗೆ ನಿದ್ದೆ ಮಾಡುತ್ತಿದ್ದಾಳೆ. ಕರೆಂಟು ಹೋದರೆ ಈಗ ತಲೆ ಎತ್ತುವುದೂ ಇಲ್ಲ. ಆ ಒಂದು ಮಗ್ಗದ ಸದ್ದು ನನಗೊಬ್ಬಳಿಗೇ ಉಳಿದಿದೆ.

ಇವತ್ತು ನನಗೆ ರೊಟ್ಟಿ ಬಡಿದು ಹಾಕಿದಳು. ಎದುರಿಗೆ ಕೂತು ನಾನು ಉಣ್ಣುವುದನ್ನು ನೋಡಿದಳು. ಅಷ್ಟು ಶಾಂತವಾಗಿ ಅವಳು ನನ್ನನ್ನು ನೋಡಿದ್ದು ನಾನು ಸಣ್ಣವಳಿದ್ದಾಗ ಇರಬೇಕು. ನಾನು ತಾಟು ತೊಳೆಯಲು ಎದ್ದೆ.

“ಕಾಲೇಜ ಸುರು ಆಗೇತೇನ? ಹೋಗ್ತಿ?”

“ಹೋಗಬೇಕವ್ವಾ.”

“ಹೋಗಬ್ಯಾಡ,” ಎಂದಳು. “ಕಣ್ಣ ಮುಂದ ಇರ. ನಿನ್ನ ನೋಡಿದ್ರ ಅವ ಯಾಕ ಹ್ವಾದ ಅಂತ ನನಗ ತಿಳೀತೈತಿ.”

ನಿಮ್ಮ
ಪ್ರಣಾಲಿ